ವೆಲಿಗಮದಲ್ಲಿ ವೀಕೆಂಡ್ ಸರ್ಫಿಂಗ್: ದುಡ್ಡು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ. ಅಲ್ಲಿಗೂ ನಮಗೂ ಸಮಯ ಒಂದೇ, ಗಡಿಯಾರ ತಿರುಗಿಸುವ ಕೆಲಸವೂ ಇಲ್ಲ. ಆದರೆ ಕಟುನಾಯಕ ವಿಮಾನ ನಿಲ್ದಾಣದಿಂದ ಶ್ರೀಲಂಕಾದ ದಕ್ಷಿಣ ತೀರದ ವೆಲಿಗಮಕ್ಕೆ ಇನ್ನೂ ಸುಮಾರು 170 ಕಿಲೋಮೀಟರ್ ಇದೆ. ಬಹಳ ಜನರ ಲೆಕ್ಕ ತಪ್ಪುವುದು ಇಲ್ಲೇ. ಶನಿವಾರ ಹೊರಟು ಭಾನುವಾರ ವಾಪಸ್ ಅಂದುಕೊಂಡರೆ ನೀರಿಗಿಳಿಯಲು ಸಿಗುವುದು ಒಂದು ಸಂಜೆ, ಒಂದು ಬೆಳಗ್ಗೆ, ಅಷ್ಟೇ. ಅದೇ ಟಿಕೆಟ್ ದುಡ್ಡಿಗೆ ಶುಕ್ರವಾರ ಬೆಳಗ್ಗೆ ಹೊರಟು ಸೋಮವಾರ ರಾತ್ರಿ ಮರಳಿದರೆ ಶನಿವಾರ ಎರಡು, ಭಾನುವಾರ ಎರಡು, ಸೋಮವಾರ ಬೆಳಗ್ಗೆ ಒಂದು, ಒಟ್ಟು ಐದು ಸಲ ನೀರಿಗಿಳಿಯುವ ಸರದಿ ಸಿಗುತ್ತದೆ. ಹಾಗಾಗಿ ಶುಕ್ರವಾರವೋ ಸೋಮವಾರವೋ ಸರ್ಕಾರಿ ರಜೆ ಬಿದ್ದಿರುವ ವಾರ ಹುಡುಕಿ, ಇನ್ನೊಂದು ದಿನಕ್ಕೆ ನೀವು ರಜೆ ಹಾಕಿ. ಇಂಥ ಪ್ರವಾಸದಲ್ಲಿ ದಿನಕ್ಕೆ ಎಷ್ಟು ಖರ್ಚಾಯಿತು ಅನ್ನುವುದಕ್ಕಿಂತ, ಒಂದು ಸಲ ನೀರಿಗಿಳಿಯಲು ಎಷ್ಟು ಬಿತ್ತು ಅಂತ ಲೆಕ್ಕ ಹಾಕಬೇಕು. ಮುಂದಿನ ಎಲ್ಲ ತೀರ್ಮಾನಗಳೂ ಆಗ ಸಲೀಸು.

ಕಾಲ ಮೊದಲು. ದಕ್ಷಿಣ ತೀರಕ್ಕೆ ನವೆಂಬರ್‌ನಿಂದ ಏಪ್ರಿಲ್ ಸರಿಯಾದ ಸಮಯ. ಮೇ ತಿಂಗಳಿಂದ ನಮ್ಮ ಕರಾವಳಿಗೆ ಮುಂಗಾರು ತರುವ ನೈಋತ್ಯ ಮಾರುತವೇ ಅಲ್ಲಿಗೂ ಬಡಿಯುತ್ತದೆ, ಸಮುದ್ರ ಕದಡಿಹೋಗುತ್ತದೆ. ಆಗ ಸರ್ಫರ್‌ಗಳು ಪೂರ್ವ ತೀರದ ಅರುಗಂ ಬೇ ಕಡೆ ಹೋಗುತ್ತಾರೆ. ಅದು ಇನ್ನೂ ದೂರ, ವೀಕೆಂಡಿಗೆ ಆಗುವ ಮಾತಲ್ಲ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ರೂಮ್ ಬಾಡಿಗೆ ಏರುತ್ತದೆ, ನೀರಲ್ಲೂ ಜನಜಂಗುಳಿ. ಫೆಬ್ರವರಿ ಕೊನೆ, ಮಾರ್ಚ್ ಒಳ್ಳೆಯದು. ಕ್ಯಾಲೆಂಡರಿನಲ್ಲಿ ಹುಣ್ಣಿಮೆಯನ್ನೂ ನೋಡಿಕೊಳ್ಳಿ. ಪ್ರತಿ ಹುಣ್ಣಿಮೆ ಅಲ್ಲಿ ಪೋಯ, ಅಂದರೆ ಬೌದ್ಧರ ಸರ್ಕಾರಿ ರಜೆ. ಮದ್ಯದ ಅಂಗಡಿ ಮುಚ್ಚಿರುತ್ತದೆ, ಅದು ಹೋಗಲಿ. ರೈಲು ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಇನ್ನು ಊರು. ಕಲಿಯುವವರಿಗೆ ವೆಲಿಗಮವೇ ಸರಿ. ಸಿಂಹಳದಲ್ಲಿ ವೆಲಿ ಅಂದರೆ ಮರಳು, ಗಮ ಅಂದರೆ ನಮ್ಮ ಗ್ರಾಮವೇ. ಹೆಸರಿಗೆ ತಕ್ಕ ಹಾಗೆ ಕೊಲ್ಲಿಯ ತಳವೆಲ್ಲ ಮರಳು, ಬಿದ್ದರೆ ಮೈ ಕೊಯ್ಯುವುದಿಲ್ಲ. ಕೊಲ್ಲಿ ಬಾಗಿರುವುದರಿಂದ ಹೊರಗಿನ ದೊಡ್ಡ ಅಲೆ ಒಳಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಮಿಡಿಗಮದ ಲೇಜಿ ಲೆಫ್ಟ್, ಲೇಜಿ ರೈಟ್, ರಾಮ್ಸ್ ಮುಂತಾದ ಜಾಗಗಳ ಹೆಸರು ಕೇಳಿರುತ್ತೀರಿ. ಅಲ್ಲಿ ಕೆಳಗೆ ಹವಳದ ಬಂಡೆ, ಅದರ ಸಂದಿಯಲ್ಲಿ ಮೈಯೆಲ್ಲ ಮುಳ್ಳಿರುವ ಕಡಲಜೀವಿ ಸೀ ಅರ್ಚಿನ್. ಒಡೆಯದ ಹಸಿರು ಅಲೆಯನ್ನು ಹಿಡಿದು ಪಕ್ಕಕ್ಕೆ ತಿರುಗಲು ಬಂದ ಮೇಲೆ ಹೋಗುವ ಜಾಗ ಅದು. ಎರಡು ದಿನಕ್ಕೆ ಮೂರು ಬೀಚ್ ಸುತ್ತುವ ಆಸೆ ಬಿಡಿ. ಪ್ರತಿ ಬೀಚಿಗೂ ಆಟೋ ದುಡ್ಡು ಹೋಗುತ್ತದೆ, ಅಲೆಯ ಲಯ ಅರ್ಥವಾಗುವ ಮೊದಲೇ ಜಾಗ ಬದಲಾಗಿರುತ್ತದೆ.

ವೀಸಾಗೆ ಮುಂಚಿತವಾಗಿ ಇಟಿಎ, ಅಂದರೆ ಆನ್‌ಲೈನಿನಲ್ಲಿ ಪಡೆಯುವ ಪ್ರವಾಸದ ಅನುಮತಿ, ಮಾಡಿಸಬೇಕು. ಶುಲ್ಕದ ನಿಯಮ ಪದೇ ಪದೇ ಬದಲಾಗಿದೆ, ಹಾಗಾಗಿ ಹಳೇ ವಿಡಿಯೊ ನಂಬದೆ ಸರ್ಕಾರಿ ತಾಣವಾದ ಇಟಿಎ ಡಾಟ್ ಜಿಒವಿ ಡಾಟ್ ಎಲ್‌ಕೆಯಲ್ಲೇ ನೋಡಿ. ಹುಡುಕಿದಾಗ ಮೇಲೆ ಕಾಣುವ ಜಾಹೀರಾತಿನ ತಾಣಗಳು ಅದೇ ಅರ್ಜಿಗೆ ಹೆಚ್ಚು ದುಡ್ಡು ಕೀಳುತ್ತವೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಲಿ.

ಇಳಿದ ಮೇಲೆ ಹೋಗುವ ದಾರಿ ಎರಡು. ಅಗ್ಗದ್ದು: 187ನೇ ನಂಬರಿನ ಬಸ್ಸಿನಲ್ಲಿ ಕೊಲಂಬೊಗೆ, ಫೋರ್ಟ್ ಸ್ಟೇಷನ್ನಿನಿಂದ ಮಾತರ ಕಡೆಗಿನ ರೈಲು. ವೆಲಿಗಮಕ್ಕೆ ರೈಲಿನಲ್ಲೇ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿದುಕೊಳ್ಳಿ. ಕೌಂಟರಿನಲ್ಲೇ ಎರಡನೇ ಅಥವಾ ಮೂರನೇ ದರ್ಜೆಯ ಟಿಕೆಟ್ ಸಿಗುತ್ತದೆ. ದಕ್ಷಿಣಕ್ಕೆ ಹೋಗುವಾಗ ಬಲಗಡೆ ಕೂತರೆ ಹಳಿಯ ಪಕ್ಕದಲ್ಲೇ ಕಡಲು. ಶುಕ್ರವಾರ ಸಂಜೆ ಕಚೇರಿ ಬಿಡುವ ಹೊತ್ತಿನ ರೈಲು ಬೇಡ, ಬ್ಯಾಗ್ ಹೊತ್ತು ನಿಂತೇ ಹೋಗಬೇಕಾಗುತ್ತದೆ. ರೈಲು ತಪ್ಪಿದರೆ ಮಕುಂಬುರ ನಿಲ್ದಾಣದಿಂದ ಮಾತರಕ್ಕೆ ಎಕ್ಸ್‌ಪ್ರೆಸ್‌ವೇ ಬಸ್ ಇದೆ. ಮಾತರದಿಂದ ವೆಲಿಗಮಕ್ಕೆ ಊರ ಬಸ್ಸಿನಲ್ಲಿ ಹಿಂದಕ್ಕೆ ಬಂದರಾಯಿತು. ಇನ್ನೊಂದು ದಾರಿ ಟ್ಯಾಕ್ಸಿ. ಎಕ್ಸ್‌ಪ್ರೆಸ್‌ವೇಯಲ್ಲಿ ಎರಡೂವರೆ ಗಂಟೆ. ಒಬ್ಬರಿಗೆ ದುಬಾರಿ, ನಾಲ್ವರಿದ್ದು ರಾತ್ರಿ ಇಳಿಯುವುದಾದರೆ ಇದೇ ಲಾಭ, ಏಕೆಂದರೆ ವಿಮಾನ ನಿಲ್ದಾಣದ ಹತ್ತಿರ ಒಂದು ರಾತ್ರಿಯ ರೂಮೂ ಉಳಿಯಿತು, ಬೆಳಗಿನ ಸರದಿಯೂ ಉಳಿಯಿತು. ಅಲ್ಲಿನ ಟ್ಯಾಕ್ಸಿ ಆ್ಯಪ್ ಪಿಕ್‌ಮಿಯಲ್ಲಿ ದರ ನೋಡಿಕೊಂಡೇ ಮಾತಾಡಿ.

ರೂಮ್ ಬೀಚಿಗೆ ನಡೆದುಹೋಗುವ ದೂರದಲ್ಲೇ ಇರಲಿ. ಬೀಚಿನಿಂದ ಎರಡು ಕಿಲೋಮೀಟರ್ ದೂರದಲ್ಲಿ ಅಲ್ಲಿನ ಸಾವಿರ ರೂಪಾಯಿ ಕಡಿಮೆಗೆ ಸಿಕ್ಕಿತು ಅಂತ ಖುಷಿಪಟ್ಟರೆ, ದಿನಕ್ಕೆ ನಾಲ್ಕು ಸಲ ಆಟೋ ಹತ್ತಿ ಅದಕ್ಕಿಂತ ಹೆಚ್ಚು ಕೊಡುತ್ತೀರಿ. ಎಸಿ ಬೇಡ, ಫ್ಯಾನ್ ಮತ್ತು ಸೊಳ್ಳೆಪರದೆ ಸಾಕು. ಒದ್ದೆ ಬಟ್ಟೆ ಒಣಗಿಸಲು ಹಗ್ಗ, ಹೊರಗೊಂದು ನಲ್ಲಿ ಇದೆಯೇ ಕೇಳಿ.

ನೀರಿನ ವಿಷಯಕ್ಕೆ ಬರೋಣ. ಬೆಳಗ್ಗೆ ಆರರಿಂದ ಒಂಬತ್ತು ಬಂಗಾರದ ಹೊತ್ತು. ಗಾಳಿ ಇರುವುದಿಲ್ಲ, ಅಲೆಯ ಮೈ ನುಣುಪಾಗಿರುತ್ತದೆ. ಬಿಸಿಲೇರಿದ ಮೇಲೆ ಕಡಲ ಗಾಳಿ ಎದ್ದು ನೀರು ತರಿತರಿಯಾಗುತ್ತದೆ. ಉಬ್ಬರ ಇಳಿತದ ಅಂತರ ಅಲ್ಲಿ ಒಂದು ಮೀಟರೂ ಇಲ್ಲ, ಆದರೂ ತುಂಬು ಉಬ್ಬರದಲ್ಲಿ ಅಲೆ ದಡಕ್ಕೇ ಬಂದು ಅಪ್ಪಳಿಸುತ್ತದೆ. ಇಳಿತ ಮತ್ತು ನಡುಮಟ್ಟ ಕಲಿಯುವವರಿಗೆ ಅನುಕೂಲ. ಮುನ್ಸೂಚನೆ ನೋಡುವಾಗ ಅಲೆಯ ಎತ್ತರವೊಂದೇ ಅಲ್ಲ, ಪಕ್ಕದ ಸೆಕೆಂಡುಗಳನ್ನೂ ಓದಿ. ಒಂದು ಮೀಟರ್ ಎತ್ತರದ ಅಲೆ 7 ಸೆಕೆಂಡಿಗೊಮ್ಮೆ ಬಂದರೆ ಮೆದು, 14 ಸೆಕೆಂಡಿಗೊಮ್ಮೆ ಬಂದರೆ ಅದರ ತಾಕತ್ತೇ ಬೇರೆ.

ಬೋರ್ಡ್ ಎಂಟರಿಂದ ಒಂಬತ್ತು ಅಡಿಯ ಸಾಫ್ಟ್ ಟಾಪ್, ಅಂದರೆ ಮೇಲ್ಮೈ ಮೆತ್ತಗಿರುವುದು, ಇರಲಿ. ಚಿಕ್ಕ ಬೋರ್ಡ್ ನೋಡಲು ಚೆಂದ, ಆದರೆ ತೇಲಿಸುವುದಿಲ್ಲ. ಬಾಡಿಗೆಗೆ ತೆಗೆದುಕೊಳ್ಳುವ ಮೊದಲು ಎರಡು ನಿಮಿಷ ಕೊಡಿ. ಎತ್ತಿ ನೋಡಿ: ಪಕ್ಕದ ಅದೇ ಅಳತೆಯದಕ್ಕಿಂತ ಭಾರವಿದ್ದರೆ ಒಳಗೆ ನೀರು ಕುಡಿದಿದೆ, ಬೇಡ ಅನ್ನಿ. ಬೋರ್ಡಿನ ಅಡಿಯಲ್ಲಿರುವ ರೆಕ್ಕೆ, ಅಂದರೆ ಫಿನ್ ಹಿಡಿದು ಅಲ್ಲಾಡಿಸಿ, ಸಡಿಲವಿದ್ದರೆ ಅಲೆಯಲ್ಲಿ ಕಳಚಿಹೋಗಿ ಅದರ ದುಡ್ಡು ನಿಮ್ಮ ತಲೆಗೆ ಬರುತ್ತದೆ. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗವಾದ ಲೀಶ್‌ನ ವೆಲ್ಕ್ರೊ ಗಟ್ಟಿ ಅಂಟುತ್ತದೆಯೇ, ಬೋರ್ಡಿಗೆ ಕಟ್ಟಿದ ದಾರ ಸವೆದಿದೆಯೇ ನೋಡಿ. ಮೊದಲೇ ಇರುವ ಬಿರುಕು, ಕೆತ್ತುಗಳ ಫೋಟೊವನ್ನು ಅಂಗಡಿಯವರ ಎದುರಿಗೇ ತೆಗೆಯಿರಿ.

ಮೊದಲ ಎರಡು ಸರದಿಗೆ ಕಲಿಸುವವರು ಬೇಕೇ ಬೇಕು. ಇಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ನಾಲ್ಕೈದು ಜನಕ್ಕೆ ಒಬ್ಬರಿದ್ದರೆ ನಿಮ್ಮ ಪಾಳಿ ಬರುವಷ್ಟರಲ್ಲಿ ಹೊತ್ತು ಮುಗಿಯುತ್ತದೆ, ಇಬ್ಬರಿಗೆ ಒಬ್ಬರು ಅಂತ ಮೊದಲೇ ಮಾತಾಡಿ. ಇನ್ನೂ ಒಳ್ಳೆಯದೆಂದರೆ ಒಂದು ತಿಂಗಳು ಮುಂಚೆ ಮೂಲ್ಕಿಗೆ ಹೋಗಿ ಅಲ್ಲಿನ ಸರ್ಫ್ ಶಾಲೆಯಲ್ಲಿ ಒಂದೆರಡು ಪಾಠ ಮುಗಿಸುವುದು. ಮಲಗಿದಲ್ಲಿಂದ ಒಂದೇ ನೆಗೆತಕ್ಕೆ ನಿಲ್ಲುವ ಪಾಪ್ ಅಪ್ ಅನ್ನು ಮನೆಯ ನೆಲದಲ್ಲಿ ಚಾಪೆ ಹಾಸಿ ದಿನಕ್ಕೆ ಇಪ್ಪತ್ತು ಸಲ ಮಾಡಿ. ಮೊದಲು ಮಂಡಿಯೂರಿ ಆಮೇಲೆ ಏಳುವ ಅಭ್ಯಾಸ ಬಿದ್ದರೆ ಬಿಡಿಸುವುದು ಕಷ್ಟ.

ನೀರಿನಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಬೋರ್ಡಿನ ಮೇಲೆ ಮಲಗುವ ಜಾಗದ್ದು. ತೀರಾ ಮುಂದೆ ಮಲಗಿದರೆ ಬೋರ್ಡಿನ ಮೂತಿ ನೀರಿಗೆ ಚುಚ್ಚಿಕೊಂಡು ನೀವು ಹಾರಿ ಬೀಳುತ್ತೀರಿ. ತೀರಾ ಹಿಂದೆ ಮಲಗಿದರೆ ಬೋರ್ಡ್ ತಲೆಯೆತ್ತಿ ಅಲೆ ಕೆಳಗಿಂದ ದಾಟಿಹೋಗುತ್ತದೆ. ಮೂತಿ ನೀರಿನಿಂದ ಮೂರು ನಾಲ್ಕು ಬೆರಳು ಮೇಲಿದ್ದರೆ ಸರಿ. ಆ ಜಾಗಕ್ಕೆ ನಿಮ್ಮ ಗದ್ದ ಎಲ್ಲಿ ಬರುತ್ತದೆ ನೋಡಿ ಗುರುತಿಟ್ಟುಕೊಳ್ಳಿ. ಏಳುವಾಗ ಅಂಚು ಹಿಡಿಯಬೇಡಿ, ಅಂಗೈ ಎದೆಯ ಪಕ್ಕ ಚಪ್ಪಟೆಯಾಗಿರಲಿ. ಕಣ್ಣು ಪಾದದ ಮೇಲಲ್ಲ, ದಡದ ತೆಂಗಿನಮರದ ಮೇಲೆ. ಬೀಳುವಾಗ ತಲೆ ಕೆಳಗಾಗಿ ಧುಮುಕಬೇಡಿ, ನೀರು ಸೊಂಟದಷ್ಟೇ ಇರುತ್ತದೆ. ಅಡ್ಡಡ್ಡ ಬಿದ್ದು, ಮೇಲೆ ಬರುವಾಗ ಕೈಯಿಂದ ತಲೆ ಮುಚ್ಚಿಕೊಳ್ಳಿ. ನಿಮಗೂ ಬರುವ ಅಲೆಗೂ ನಡುವೆ ಬೋರ್ಡ್ ಇರಕೂಡದು, ಅದು ನಿಮ್ಮ ಮುಖಕ್ಕೇ ಬರುತ್ತದೆ. ಲೀಶನ್ನು ಕೈಗೆ ಸುತ್ತಿಕೊಂಡು ಎಳೆದರೆ ಬೆರಳು ಮುರಿಯುತ್ತದೆ. ಒಬ್ಬರು ಹಿಡಿದ ಅಲೆಗೆ ಇನ್ನೊಬ್ಬರು ನುಗ್ಗಬಾರದು, ಅಲೆ ಒಡೆಯುವ ತುದಿಗೆ ಹತ್ತಿರ ಇದ್ದವರದು ಆ ಅಲೆ.

ಮೈಗೆ ಅಂಟಿ ಕೂರುವ ಈಜಿನ ಅಂಗಿ, ಉದ್ದ ತೋಳಿನ ರಾಶ್ ಗಾರ್ಡ್, ಇಲ್ಲಿಂದಲೇ ಒಯ್ಯಿರಿ. ಬರಿಮೈಯಲ್ಲಿ ಇಳಿದರೆ ಮೊದಲ ದಿನವೇ ಹೊಟ್ಟೆ, ಎದೆ ಉಜ್ಜಿ ಕೆಂಪಾಗಿ ಮರುದಿನ ಬೋರ್ಡ್ ಮೇಲೆ ಮಲಗಲು ಆಗುವುದಿಲ್ಲ, ಎರಡು ಸರದಿ ಕೈಬಿಟ್ಟಂತೆ. ಮುಖಕ್ಕೆ ಜಿಂಕ್ ಇರುವ ಸನ್‌ಸ್ಕ್ರೀನ್ ದಪ್ಪಗೆ ಬಳಿಯಿರಿ.

ಊಟಕ್ಕೆ ಬೀಚಿನ ಎದುರಿನ ಕೆಫೆ ಬಿಟ್ಟು ಒಳರಸ್ತೆಯ ಅನ್ನ-ಸಾರಿನ ಹೋಟೆಲಿಗೆ ಹೋಗಿ. ಅನ್ನ, ಬೇಳೆ, ಎರಡು ಮೂರು ಪಲ್ಯ, ಪೊಲ್ ಸಂಬೋಲ ಅನ್ನುವ ಕಾಯಿ ಚಟ್ನಿ. ಬೆಳಗ್ಗೆ ನಮ್ಮ ಒತ್ತು ಶ್ಯಾವಿಗೆಯಂಥದೇ ಇಂದಿಯಾಪ್ಪ. ಸಸ್ಯಾಹಾರಿಗಳೇ, ಆ ಚಟ್ನಿಯ ಮೇಲೆ ಕಣ್ಣಿರಲಿ: ಒಣಮೀನಿನ ಪುಡಿ, ಉಂಬಲಕಡ, ಅದರಲ್ಲಿ ಬಹಳ ಸಲ ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. "ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ" ಅಂದರೆ ಮಾಂಸ ಬೇಡ, ಮೀನು ಬೇಡ, ಆ ಪುಡಿಯೂ ಬೇಡ. ನೀರಿನಿಂದ ಎದ್ದ ಮೇಲೆ ಒಂದು ತಂಬಿಲಿ ಎಳನೀರು ಕುಡಿಯಿರಿ, ದಕ್ಷಿಣ ಕನ್ನಡದವರ ಗೆಂದಾಳಿ ಬೊಂಡದ ಜಾತಿಯದು.

ನಮ್ಮ ಒಂದು ರೂಪಾಯಿಗೆ ಅಲ್ಲಿನ ಸುಮಾರು ಮೂರೂವರೆ ರೂಪಾಯಿ ಅಂತ ಹಿಡಿದು, ಅವರ ರೂಪಾಯಿಯಲ್ಲಿ ಒಬ್ಬರಿಗೆ ಅಂದಾಜು ಹೀಗೆ ಎತ್ತಿಡಿ: ಇಬ್ಬರು ಹಂಚಿಕೊಂಡ ರೂಮಿಗೆ ಮೂರು ರಾತ್ರಿಗೆ 10,500, ಊಟ ತಿಂಡಿಗೆ 9,000, ಎರಡು ಪಾಠಕ್ಕೆ 8,000, ಮೂರು ಸಲದ ಬೋರ್ಡ್ ಬಾಡಿಗೆಗೆ 3,000, ಬಸ್ಸು, ರೈಲು, ಆಟೋಗೆ 4,000, ಕೈಖರ್ಚು 3,000. ಒಟ್ಟು 37,500, ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ 11 ಸಾವಿರ. ವಿಮಾನ, ವೀಸಾ, ಸಿಮ್ ಬೇರೆ. 2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ಶುರುವಾಗಿದೆ, ಆದರೆ ಬೋರ್ಡ್ ಬಾಡಿಗೆಯವರು, ಆಟೋದವರು ಕೇಳುವುದು ನೋಟನ್ನೇ. 5,000ದ ನೋಟಿಗೆ ಚಿಲ್ಲರೆ ಸಿಗುವುದಿಲ್ಲ, 500 ಮತ್ತು 1,000ದಲ್ಲಿ ತೆಗೆದುಕೊಳ್ಳಿ.

ಸೋಮವಾರ ರಾತ್ರಿಯ ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು, ಅಂದರೆ ವೆಲಿಗಮ ಬಿಡುವುದು ಎಂಟೊಂಬತ್ತು ಗಂಟೆ ಮೊದಲು. ಬೆಳಗ್ಗೆ ಆರಕ್ಕೆ ನೀರಿಗಿಳಿದು ಎಂಟಕ್ಕೆ ಎದ್ದರೆ ರಾಶ್ ಗಾರ್ಡನ್ನು ಸಿಹಿನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕಲು ಸಮಯ ಸಿಗುತ್ತದೆ. ಒದ್ದೆ ಬಟ್ಟೆ ತುಂಬಿದರೆ ಏಳು ಕಿಲೋದ ಕ್ಯಾಬಿನ್ ಬ್ಯಾಗ್ ಸುಲಭವಾಗಿ ಎಂಟು ದಾಟುತ್ತದೆ.