ಪರದೆಯ ಮೇಲೆ ಒಡೆದ ಒತ್ತಕ್ಷರ

ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಬಳಕೆದಾರರು ಸೇರಿ ನಡೆಸುವ ಸಮ್ಮೇಳನ, ಅಂದರೆ ನಗರವೊಂದರ ವರ್ಡ್‌ಕ್ಯಾಂಪ್‌ಗೆ ಭಾಷಣಕಾರರನ್ನು ಆರಿಸಿ ನೋಡಿಕೊಳ್ಳುವ ಸ್ಪೀಕರ್ ರ‍್ಯಾಂಗ್ಲರ್ ಆಗಿ ಕೆಲಸ ಮಾಡುವುದು ನಮ್ಮ ಏಜೆನ್ಸಿಯಲ್ಲಿ ಕಚೇರಿಯ ಕೆಲಸವೆಂದೇ ಲೆಕ್ಕಕ್ಕೆ ಬರುತ್ತದೆ. ಆ ಹೊಣೆಯನ್ನು ಹೊತ್ತ ಒಂದು ವರ್ಷದಲ್ಲಿ ನಡೆದ ಘಟನೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅದನ್ನು ನೆನೆದಾಗಲೆಲ್ಲ ಸಿಟ್ಟೂ ಸಂತೋಷವೂ ಒಟ್ಟಿಗೇ ಬರುತ್ತವೆ.

ಭಾಷಣಕ್ಕೆ ಬರುವ ಅರ್ಜಿಗಳ ಅವಧಿ ಮುಗಿದ ಮೇಲೆ ನಮ್ಮ ತಂಡ ಅಂಕ ಕೊಡಲು ಕೂತಿತು. ಹೆಚ್ಚಿನವು ನಾವು ಪ್ರತಿವರ್ಷ ಕಾಣುವಂಥವೇ ಆಗಿದ್ದವು: ಸೈಟಿನ ವೇಗ ಹೆಚ್ಚಿಸುವುದು ಹೇಗೆ, ಬ್ಲಾಕ್ ಥೀಮ್‌ಗೆ ಸಾಗುವುದು ಹೇಗೆ, ಫ್ರೀಲ್ಯಾನ್ಸರ್ ಆಗಿ ದರ ನಿಗದಿಪಡಿಸುವುದು ಹೇಗೆ. ಅವುಗಳ ನಡುವೆ ತಾಲ್ಲೂಕು ಕೇಂದ್ರದ ಪತ್ರಿಕೆಯೊಂದರ ಜಾಲತಾಣವನ್ನು ನೋಡಿಕೊಳ್ಳುವ ಮಹಿಳೆಯೊಬ್ಬರ ಅರ್ಜಿಯಿತ್ತು. ಕನ್ನಡ ಶೀರ್ಷಿಕೆಯ ಸುದ್ದಿಗಳ ಕೊಂಡಿಗಳು ಅರ್ಧದಲ್ಲೇ ತುಂಡಾಗುವುದೇಕೆ ಎಂಬುದು ಅವರ ವಿಷಯ. ವಿವರಣೆ ಕೆಲವೇ ಸಾಲಿನದು, ಹಿಂದಿನ ಭಾಷಣದ ವಿಡಿಯೊ ಕೊಂಡಿಯನ್ನು ಕೇಳಿದ ಜಾಗ ಖಾಲಿ. ಅಂಕಪಟ್ಟಿಯಲ್ಲಿ ಅದು ಕೆಳಗೆ ಜಾರಿತು. ವಿಷಯ ಚಿಕ್ಕದು, ಊಟದ ನಂತರದ ಹತ್ತು ನಿಮಿಷದ ಲೈಟ್ನಿಂಗ್ ಟಾಕ್ ಕೊಟ್ಟರೆ ಸಾಕು ಎಂದು ನಾನೇ ಸೂಚಿಸಿದೆ. ಉಳಿದವರು ಒಪ್ಪಿದರು.

ವಿಷಯ ಚಿಕ್ಕದಾಗಿರಲಿಲ್ಲ. ವರ್ಡ್‌ಪ್ರೆಸ್ ಡೇಟಾಬೇಸ್‌ನಲ್ಲಿ ಸ್ಲಗ್, ಅಂದರೆ ಶೀರ್ಷಿಕೆಯಿಂದ ಹುಟ್ಟುವ ಕೊಂಡಿಯ ಭಾಗ, ಇಡುವ ಕಾಲಂನ ಮಿತಿ 200 ಅಕ್ಷರಗಳು. ಇಂಗ್ಲಿಷಿನ ಒಂದು ಅಕ್ಷರ ಅಲ್ಲಿ ಒಂದೇ ಸ್ಥಾನವನ್ನು ಹಿಡಿಯುತ್ತದೆ. ಆದರೆ ಕನ್ನಡದ ಒಂದು ಯೂನಿಕೋಡ್ ಸಂಕೇತ ಯುಟಿಎಫ್-8 ಎಂಬ ಅಕ್ಷರ ಸಂಗ್ರಹ ವಿಧಾನದಲ್ಲಿ 3 ಬೈಟ್ ಆಗಿ, ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆಗಳಾಗಿ, ಒಟ್ಟು 9 ಸ್ಥಾನಗಳನ್ನು ನುಂಗುತ್ತದೆ. ಒತ್ತಕ್ಷರವಾದರೆ ಮೂಲ ವ್ಯಂಜನ, ಹಲಂತ, ಒತ್ತಿನ ವ್ಯಂಜನ, ಸ್ವರಚಿಹ್ನೆ ಇವೆಲ್ಲ ಬೇರೆ ಬೇರೆ ಸಂಕೇತಗಳೇ. ಹೀಗಾಗಿ ಒಂದು ಕನ್ನಡ ಶೀರ್ಷಿಕೆಯಿಂದ ಹೆಚ್ಚೆಂದರೆ 22 ಸಂಕೇತಗಳು ಮಾತ್ರ ಸ್ಲಗ್‌ನಲ್ಲಿ ಉಳಿಯುತ್ತವೆ. 'ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ' ಎಂದು ಆರಂಭವಾಗುವ ಶೀರ್ಷಿಕೆಯನ್ನು ಬರೆದರೆ ಮೂರನೆಯ ಪದ 'ಪ್ರಶಸ' ಎಂಬಲ್ಲಿಗೆ ನಿಂತುಬಿಡುತ್ತದೆ. ಪ್ರಶಸ್ತಿ ಪ್ರಕಟವಾದ ಸುದ್ದಿ, ಪುರಸ್ಕೃತರ ಪಟ್ಟಿ, ಪ್ರದಾನ ಸಮಾರಂಭದ ವರದಿ ಎಲ್ಲಕ್ಕೂ ಅದೇ ತುಂಡು ಸ್ಲಗ್ ಬಂದು, ಎರಡನೆಯದಕ್ಕೆ 2, ಮೂರನೆಯದಕ್ಕೆ 3 ಎಂಬ ಬಾಲ ಅಂಟಿಕೊಳ್ಳುತ್ತದೆ. ಯಾವ ಕೊಂಡಿ ಯಾವ ಸುದ್ದಿಯದೆಂದು ಡೆಸ್ಕಿನಲ್ಲಿ ಕುಳಿತವರಿಗೇ ತಿಳಿಯದಂತಾಗುತ್ತದೆ. ಇದನ್ನೆಲ್ಲ ಅವರು ದಿನವೂ ಸುದ್ದಿ ಏರಿಸುತ್ತಾ, ಒಂದೊಂದೇ ಕೊಂಡಿಯನ್ನು ಪರೀಕ್ಷಿಸಿ, ತಾವೇ ಕಂಡುಕೊಂಡಿದ್ದರು.

ಸಮ್ಮೇಳನದ ದಿನ ಅವರು ಬೆಳಗಿನ ಬಸ್ಸಿನಲ್ಲಿ ಬಂದರು. ಡೆಕ್ ಅನ್ನು, ಅಂದರೆ ಸ್ಲೈಡುಗಳ ಕಡತವನ್ನು, ನಾವು ಕಳಿಸಿದ ಟೆಂಪ್ಲೇಟಿನಲ್ಲೇ ಮಾಡಬೇಕು, ಪಿಡಿಎಫ್ ಬೇಡ, ಮೂಲ ಕಡತವನ್ನೇ ಕೊಡಬೇಕು ಎಂಬುದು ನಮ್ಮ ಷರತ್ತು. ಪ್ರಾಯೋಜಕರ ಲಾಂಛನಗಳು ಎಲ್ಲ ಡೆಕ್‌ಗಳಲ್ಲೂ ಒಂದೇ ಕಡೆ ಕಾಣಬೇಕೆಂಬುದು ಅದಕ್ಕೆ ಕಾರಣ. ಗ್ರೀನ್ ರೂಮಿನಲ್ಲಿ ಅವರು ತಮ್ಮ ಲ್ಯಾಪ್‌ಟಾಪಿನಲ್ಲಿ ಡೆಕ್ ತೋರಿಸಿದರು, ಚೆನ್ನಾಗಿಯೇ ಇತ್ತು. ಸಭಾಂಗಣದ ಯಂತ್ರದಲ್ಲಿ ಅದನ್ನು ತೆರೆದು ನೋಡುವ ಅವಕಾಶ ದಿನದ ವೇಳಾಪಟ್ಟಿಯಾದ ರನ್ ಶೀಟ್‌ನಲ್ಲಿ ಮುಖ್ಯ ಭಾಷಣಕಾರರಿಗೆ ಮಾತ್ರ ಇತ್ತು.

ಅವರು ವೇದಿಕೆ ಹತ್ತಿದರು. ಮೊದಲ ಸ್ಲೈಡಿನಲ್ಲಿಯೇ ಒತ್ತಕ್ಷರಗಳೆಲ್ಲ ಒಡೆದುಹೋಗಿದ್ದವು. ಹಲಂತ ಒಂದು ಕಡೆ, ಒತ್ತಾಗಬೇಕಿದ್ದ ವ್ಯಂಜನ ಪಕ್ಕದಲ್ಲಿ ಪೂರ್ಣಾಕ್ಷರವಾಗಿ ಇನ್ನೊಂದು ಕಡೆ, ಕೊಂಬು ಮತ್ತು ಗುಡಿಸುಗಳು ಚುಕ್ಕೆಯ ವೃತ್ತಗಳ ಮೇಲೆ ನೇತಾಡುತ್ತಿದ್ದವು. ನೇರ ಪ್ರಸಾರಕ್ಕೆಂದು ಧ್ವನಿ-ದೃಶ್ಯ ನೋಡಿಕೊಳ್ಳುವ ಎವಿ ಡೆಸ್ಕ್ ಬಳಸುತ್ತಿದ್ದ ತಂತ್ರಾಂಶಕ್ಕೆ ಭಾರತೀಯ ಲಿಪಿಗಳ ಅಕ್ಷರಗಳನ್ನು ಜೋಡಿಸುವುದೇ ತಿಳಿದಿರಲಿಲ್ಲ. ನಾನು ಓಡಿಹೋಗಿ ಅವರ ಲ್ಯಾಪ್‌ಟಾಪನ್ನೇ ಜೋಡಿಸಿ ಎಂದು ಕೇಳಿದೆ. ರೆಸಲ್ಯೂಷನ್ ಬದಲಾದರೆ ಸ್ಟ್ರೀಮ್ ಕಡಿದುಹೋಗುತ್ತದೆ, ಹತ್ತು ನಿಮಿಷದ ಮಾತಿಗೆ ಆ ಅಪಾಯ ಬೇಡ ಎಂದು ಡೆಸ್ಕಿನವರು ಹೇಳಿದರು. ನಾನು ಮತ್ತೆ ಕೇಳಿದೆ, ಅವರು ತಮ್ಮ ಮೇಲ್ವಿಚಾರಕರನ್ನು ಹುಡುಕಿಕೊಂಡು ಹೋದರು. ಸಭೆಯಲ್ಲಿ ಯಾರೋ ನಕ್ಕರು. ಮುಂದಿನ ಸಾಲಿನಲ್ಲಿದ್ದ ಟೈಮ್‌ಕೀಪರ್, ಗಡಿಯಾರವನ್ನು ನಿಲ್ಲಿಸಬೇಕೆಂದು ಯಾರೂ ಹೇಳಿರದ ಕಾರಣ, ಐದು ನಿಮಿಷ ಉಳಿದಿದೆ ಎಂಬ ಹಲಗೆಯನ್ನು ಎತ್ತಿ ಹಿಡಿದರು. ನಮ್ಮ ಆಹ್ವಾನಕ್ಕೆ ಒಪ್ಪಿ, ಸ್ವಂತ ಖರ್ಚಿನಲ್ಲಿ ಬಂದ ವ್ಯಕ್ತಿಯೊಬ್ಬರು ತಮ್ಮದಲ್ಲದ ದೋಷಕ್ಕೆ ತಾವು ತಲೆತಗ್ಗಿಸಿ ನಿಲ್ಲಬೇಕಾದ ಆ ಗಳಿಗೆಗಳು ನನಗೆ ಇಂದಿಗೂ ಚುಚ್ಚುತ್ತವೆ.

ಆದರೆ ಅವರು ತಲೆ ತಗ್ಗಿಸಲಿಲ್ಲ. ಸ್ಲೈಡುಗಳನ್ನು ಮುಚ್ಚುವಂತೆ ಹೇಳಿ, ಅದೇ ಯಂತ್ರದಲ್ಲಿ ಬ್ರೌಸರ್ ತೆರೆಸಿ, ಖಾಲಿ ಪೋಸ್ಟ್ ಒಂದರಲ್ಲಿ ಶೀರ್ಷಿಕೆಯನ್ನು ಬರೆದರು. ಬ್ರೌಸರಿನಲ್ಲಿ ಕನ್ನಡ ಸರಿಯಾಗಿಯೇ ಮೂಡಿತು. ಪ್ರಕಟಿಸಿದೊಡನೆ ಕೊಂಡಿಯನ್ನು ಎತ್ತಿ ತೋರಿಸಿ, 'ಪ್ರಶಸ್ತಿ ಎಲ್ಲಿಗೆ ನಿಂತಿದೆ ನೋಡಿ' ಎಂದರು. ಅದೇ ಕೊಂಡಿಯನ್ನು ವಾಟ್ಸಾಪಿಗೆ ಅಂಟಿಸುವ ಮುನ್ನ ಟಿಪ್ಪಣಿ ಕಡತಕ್ಕೆ ಹಾಕಿದಾಗ ಶೇಕಡಾ ಚಿಹ್ನೆಗಳ ಮೂರು ಸಾಲು ಬಂತು. ಅಲ್ಲಿಂದ ಮುಂದೆ ಸಭೆ ಅವರದಾಯಿತು. ಮರಾಠಿ ಸೈಟ್ ನಡೆಸುವವರೊಬ್ಬರು ಎದ್ದು ತಮ್ಮಲ್ಲೂ ಹೀಗೇ ಆಗುತ್ತದೆಂದರು. ತಮಿಳಿನವರು, ಬಂಗಾಳಿಯವರು ದನಿಗೂಡಿಸಿದರು. ದೇವನಾಗರಿ, ತಮಿಳು, ಬಂಗಾಳಿ ಲಿಪಿಗಳ ಸಂಕೇತಗಳೂ 3 ಬೈಟಿನವೇ ಆದ್ದರಿಂದ ಅದು ಸಹಜ. ತಮ್ಮ ಪತ್ರಿಕೆಯ ಡೆಸ್ಕಿನಲ್ಲಿ ನಮ್ಮ ಭಾಷಣಕಾರರು ಮಾಡಿಕೊಂಡ ವ್ಯವಸ್ಥೆ ಸರಳವಾಗಿತ್ತು: ವರದಿಗಾರರು ಶೀರ್ಷಿಕೆಯ ಜೊತೆಗೇ ಎರಡು ಪದದ ಸ್ಲಗ್ಗನ್ನೂ ಕೈಯಾರೆ ಬರೆದು ಕೊಡಬೇಕು. ಹಳೆಯ ಸುದ್ದಿಯ ಸ್ಲಗ್ ಬದಲಿಸಿದರೂ ವರ್ಡ್‌ಪ್ರೆಸ್ ಹಿಂದಿನದನ್ನು ನೆನಪಿಟ್ಟುಕೊಂಡು ಓದುಗರನ್ನು ಹೊಸ ವಿಳಾಸಕ್ಕೆ ಕಳಿಸುತ್ತದೆ ಎಂಬುದನ್ನೂ ತೋರಿಸಿದರು. ಅದನ್ನು ಅರಿಯದೆ ವರ್ಷಗಟ್ಟಲೆ ಕೆಟ್ಟ ಕೊಂಡಿಗಳನ್ನು ಹಾಗೇ ಬಿಟ್ಟವರು ಆ ಸಭೆಯಲ್ಲಿ ಹಲವರಿದ್ದರು. ಸಮಯ ಮುಗಿದ ಮೇಲೆ ಚರ್ಚೆ ಕಾರಿಡಾರಿಗೆ ಸಾಗಿತು, ಮರುದಿನ ಎಲ್ಲರೂ ವರ್ಡ್‌ಪ್ರೆಸ್‌ಗಾಗಿ ಕೈಜೋಡಿಸುವ ಕಂಟ್ರಿಬ್ಯೂಟರ್ ಡೇಯಲ್ಲಿ ಅನುವಾದಕರ ತಂಡವಾದ ಪಾಲಿಗ್ಲಾಟ್ಸ್ ಮೇಜಿನ ಸುತ್ತ ಮತ್ತೆ ಮುಂದುವರಿಯಿತು.

ಅವಲೋಕನ ಸಭೆಯಲ್ಲಿ ನಾನು ಮೂರು ಮಾತು ಮುಂದಿಟ್ಟೆ. ಪ್ರತಿಯೊಬ್ಬ ಭಾಷಣಕಾರರ ಡೆಕ್ ಅನ್ನೂ, ಹತ್ತು ನಿಮಿಷದ್ದಾದರೂ, ಸಭಾಂಗಣದ ಯಂತ್ರದಲ್ಲಿ ಮುಂಚಿತವಾಗಿ ತೆರೆದು ನೋಡಬೇಕು ಎಂಬುದನ್ನು ಒಪ್ಪಿದರು. ಅಕ್ಷರಗಳನ್ನು ತನ್ನೊಳಗೇ ಹೊತ್ತು ತರುವ ಪಿಡಿಎಫ್ ಪ್ರತಿಯನ್ನು ಜೊತೆಗೆ ಪಡೆಯಬೇಕೆಂಬುದನ್ನೂ, ಲಾಂಛನದ ಬಗ್ಗೆ ಒಂದಿಷ್ಟು ವಾದವಾದ ಮೇಲೆ, ಒಪ್ಪಿದರು.

ಮೂರನೆಯದು ಇನ್ನೂ ತೀರ್ಮಾನವಾಗಿಲ್ಲ. ವರ್ಡ್‌ಕ್ಯಾಂಪ್‌ಗಳಲ್ಲಿ ಭಾಷಣಕಾರರಿಗೆ ಸಂಭಾವನೆಯಿಲ್ಲ, ಪ್ರಯಾಣ ಮತ್ತು ವಸತಿಯ ಖರ್ಚೂ ಸಾಮಾನ್ಯವಾಗಿ ಅವರದೇ. ಟಿಕೆಟ್ ದರ ಎಲ್ಲರ ಕೈಗೆಟಕಬೇಕು, ಎಲ್ಲರೂ ಸ್ವಯಂಸೇವಕರಾಗಿರಬೇಕು ಎಂಬ ಆಶಯ ದೊಡ್ಡದು, ನಾನೂ ಅದನ್ನು ಗೌರವಿಸುತ್ತೇನೆ. ಆದರೆ ಕಂಪನಿಯ ಖರ್ಚಿನಲ್ಲಿ ಊರೂರು ಸುತ್ತುವವರ ಬಳಿ ಭಾಷಣದ ವಿಡಿಯೊಗಳಿರುತ್ತವೆ, ತಾಲ್ಲೂಕಿನ ಡೆಸ್ಕಿನಲ್ಲಿ ಕುಳಿತವರ ಬಳಿ ಸಮಸ್ಯೆಯಿರುತ್ತದೆ. ಅಂಕ ಕೊಡುವಾಗ ನಾವು ತೂಗುವುದು ಮೊದಲನೆಯದನ್ನು. ಅರ್ಜಿಯಿಂದ ವಿಡಿಯೊ ಕೊಂಡಿಯ ಪ್ರಶ್ನೆಯನ್ನು ತೆಗೆದುಹಾಕಿ, ಅದರ ಬದಲು 'ಈ ಸಮಸ್ಯೆ ನಿಮಗೆ ಎಲ್ಲಿ ಎದುರಾಯಿತು' ಎಂದು ಕೇಳಬೇಕೆಂಬುದು ನನ್ನ ಬೇಡಿಕೆ. ಗುಣಮಟ್ಟ ಅಳೆಯುವುದು ಹೇಗೆ ಎಂದು ತಂಡದ ಇಬ್ಬರು ಆಕ್ಷೇಪಿಸಿದ್ದಾರೆ. ಮುಂದಿನ ಅರ್ಜಿ ನಮೂನೆಯ ಕರಡು ಈಗ ಅವರ ಬಳಿಯಿದೆ, ಆ ಪ್ರಶ್ನೆ ಅದರಲ್ಲಿ ಇನ್ನೂ ಹಾಗೆಯೇ ಇದೆ.