ನೋವು ಎರಡು, ಕಣ್ಣಿಗೆ ನಿದ್ದೆಯಿಲ್ಲ

ರಾತ್ರಿ ಪಾಳಿಯಲ್ಲಿ ಪ್ರತಿ ಹಾಸಿಗೆಯ ಬಳಿ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ?" ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾಗದ ನೋವು. ಹೇಳಿದ ಅಂಕಿಯನ್ನು ಚಾರ್ಟಿನಲ್ಲಿ ಬರೆದು ಮುಂದೆ ಹೋಗುತ್ತಿದ್ದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡು ದಿನ ಕಳೆದಿದ್ದ ಅಜ್ಜಿಯೊಬ್ಬರು ಮೂರು ಸಲವೂ "ಎರಡು" ಎಂದರು. ಬೆಳಗಿನ ಜಾವ ನೋಡಿದರೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದಾರೆ. ಒಂದು ಕೈ ಹಾಸಿಗೆಯ ಕಂಬಿಯನ್ನು ಬಿಗಿಯಾಗಿ ಹಿಡಿದಿದೆ.

"ನಿದ್ದೆ ಬರಲಿಲ್ಲವೇ ಅಮ್ಮಾ?"

"ನೋವೇನಿಲ್ಲ ಸಿಸ್ಟರ್. ಏನಾದರೂ ಆದರೆ ನಿಮ್ಮನ್ನು ಹೇಗೆ ಕರೆಯುವುದು ಎಂದು ಯೋಚನೆ."

ಕರೆಗಂಟೆಯ ಗುಂಡಿ ಅವರ ತಲೆಯ ಹಿಂದೆ, ಗೋಡೆಯ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಹಾಸಿಗೆಯ ಹೊದಿಕೆ ಬದಲಿಸುವಾಗ ಅಲ್ಲಿ ಸಿಕ್ಕಿಸಿದವಳು ನಾನೇ. ಬಿಡಿಸಿ ತಂದು ಅವರ ಅಂಗೈಯಲ್ಲಿಟ್ಟೆ. ಒಮ್ಮೆ ಒತ್ತಿ ನೋಡಿದರು, ಗಂಟೆ ಮೊಳಗಿತು. ಕಂಬಿ ಹಿಡಿದಿದ್ದ ಕೈ ಆಗ ಸಡಿಲವಾಯಿತು.

ಮುಂದೆ ನಮ್ಮ ವಾರ್ಡಿನಲ್ಲಿ ರೋಗಿಗಳ ನೆಮ್ಮದಿಯ ಕುರಿತ ಅಧ್ಯಯನವೊಂದಕ್ಕೆ ಮಾಹಿತಿ ಸಂಗ್ರಹಿಸುವ ಕೆಲಸ ನನ್ನ ಪಾಲಿಗೆ ಬಂತು. ಅಮೆರಿಕದ ನರ್ಸಿಂಗ್ ಸಂಶೋಧಕಿ ಕ್ಯಾಥರೀನ್ ಕೊಲ್ಕಾಬಾ ಈ ವಿಷಯವನ್ನು ಹನ್ನೆರಡು ಮನೆಗಳ ಕೋಷ್ಟಕವಾಗಿ ಬಿಡಿಸಿಟ್ಟಿದ್ದಾರೆ. ಒಂದು ಕಡೆ ಮೂರು ಬಗೆ: ಕಾಡುತ್ತಿರುವುದು ತಗ್ಗುವುದು, ನಿರಾಳವಾಗಿರುವುದು, ನೋವಿದ್ದರೂ ಅದನ್ನು ಮೀರಿ ನಿಲ್ಲುವ ಬಲ. ಇನ್ನೊಂದು ಕಡೆ ನಾಲ್ಕು ನೆಲೆ: ದೇಹ, ಮನಸ್ಸು ಮತ್ತು ಆತ್ಮ, ಪರಿಸರ, ಸಂಬಂಧಗಳು. ಅವರು 1992ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 48 ಹೇಳಿಕೆಗಳಿವೆ. ಅದನ್ನು ಓದುತ್ತಾ ನನಗೆ ಅಜ್ಜಿಯ ಕೈ ನೆನಪಾಯಿತು. ಅಷ್ಟು ವರ್ಷ ನಾನು ಆ ಹನ್ನೆರಡರಲ್ಲಿ ಒಂದೇ ಮನೆಯನ್ನು ತುಂಬಿ, ಚಾರ್ಟ್ ಪೂರ್ತಿಯಾಯಿತು ಎಂದುಕೊಂಡಿದ್ದೆ.

ಪರಿಸರದ ಮನೆಯನ್ನಂತೂ ಯೋಚಿಸಿಯೇ ಇರಲಿಲ್ಲ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರು ಎಂದು ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಬರೆದರು. 23 ಜೋಡಿ ರೋಗಿಗಳ ಚಿಕ್ಕ ಅಧ್ಯಯನ ಅದು. ಅದರ ಮೇಲೆ ದೊಡ್ಡ ತೀರ್ಮಾನ ಕಟ್ಟಲಾರೆ. ಆದರೂ ಹಾಸಿಗೆ ಯಾವ ಕಡೆಗೆ ಮುಖ ಮಾಡಿದೆ ಎಂದು ಈಗ ನೋಡುತ್ತೇನೆ.

ಸದ್ದಿನ ವಿಷಯವನ್ನು ಫ್ಲಾರೆನ್ಸ್ ನೈಟಿಂಗೇಲ್ ಒಂದೂವರೆ ಶತಮಾನದ ಹಿಂದೆಯೇ ಹೇಳಿದ್ದರು. ರೋಗಿಯ ಕೋಣೆಯ ಹೊರಗೆ ನಿಂತು ಉದ್ದಕ್ಕೆ ಮಾತಾಡುವುದು ಗೊತ್ತಿಲ್ಲದೆ ಮಾಡುವ ಕ್ರೌರ್ಯ, ಕೋಣೆಯೊಳಗೇ ಪಿಸುಗುಟ್ಟುವುದಂತೂ ಬರೀ ಕ್ರೌರ್ಯ ಎಂಬುದು ಅವರ ಮಾತು, ಏಕೆಂದರೆ ರೋಗಿ ಮೈಯೆಲ್ಲ ಕಿವಿಯಾಗಿ ಅದನ್ನು ಆಲಿಸುತ್ತಾರೆ. ಪಾಳಿ ಬದಲಾಗುವಾಗ ನಾವು ದನಿ ತಗ್ಗಿಸಿ ಮಾತಾಡುತ್ತಿದ್ದುದು ರೋಗಿಯ ಬಾಗಿಲಲ್ಲೇ. ಈಗ ನಾನು ಒಳಗೇ ಹೋಗಿ, ರೋಗಿಯನ್ನೂ ಸೇರಿಸಿಕೊಂಡು ಹೇಳುತ್ತೇನೆ.

ನೋವಿನ ಅಂಕಿ ಕೇಳುವುದನ್ನು ಬಿಟ್ಟಿಲ್ಲ, ಬಿಡಲೂಬಾರದು. ಅದನ್ನು ಬರೆದ ಮೇಲೆ ಪೆನ್ನು ಕೆಳಗಿಟ್ಟು, "ಇನ್ನೇನು ಬೇಕೆನಿಸುತ್ತಿದೆ?" ಎಂದೂ ಕೇಳುತ್ತೇನೆ. ದೀಪ ಆರಿಸಿ ಎನ್ನುತ್ತಾರೆ, ದಿಂಬು ಮಗುಚಿ ಹಾಕಿ ಎನ್ನುತ್ತಾರೆ. ಕಳೆದ ವಾರ ಒಬ್ಬರು, "ಬಾಗಿಲು ಸ್ವಲ್ಪ ತೆರೆದೇ ಇರಲಿ ಸಿಸ್ಟರ್, ನೀವು ಓಡಾಡುವುದು ಕಾಣಬೇಕು" ಎಂದರು.