ಒಬ್ರಿಗೊಂದು ಮರ: ನರಸಾಪುರದಿಂದ ಐದು ತಿಂಗಳ ಲೆಕ್ಕ

ಇದು ಯಾಕೆ ಶುರುವಾಯ್ತು ಅಂತ ಮೊದ್ಲು ಹೇಳ್ಬಿಡ್ತೀನಿ. ನಾನು ಕೋಲಾರದ ಹತ್ರ ನರಸಾಪುರ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರೀಲಿ ಮೇಂಟೆನೆನ್ಸ್ ಟೆಕ್ನಿಷಿಯನ್, ಮೂರು ಶಿಫ್ಟು, ವಾರವಾರ ಬದಲಾಗತ್ತೆ. ನಮ್ಮ ಫ್ಲೋರಲ್ಲಿ ಕಿಟಕಿ ಅನ್ನೋದೇ ಇಲ್ಲ, ಇಪ್ಪತ್ನಾಲ್ಕು ಗಂಟೆ ಎಲ್‌ಇಡಿ ಲೈಟು, ಎಸಿ, ಹೊರಗಡೆ ಬಿಸಿಲೋ ಕತ್ತಲೋ ಒಳಗಡೆ ಒಂದೇ ಥರ. ನೈಟ್ ಶಿಫ್ಟ್ ಮುಗ್ಸಿ ಬಂದ್ರೆ ರೂಮಲ್ಲಿ ಕರ್ಟನ್ ಎಳ್ಕೊಂಡು ಮಲ್ಗೋದು, ಎದ್ರೆ ಮೊಬೈಲು. ಹೋದ ವರ್ಷ ಊರಿಂದ ಅಜ್ಜಿ ಫೋನ್ ಮಾಡಿ "ಏನಪ್ಪಾ, ನಿಮ್ಮ ಕಡೆ ಮಳೆ ಆಯ್ತಾ" ಅಂದಾಗ ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ, ಬೆಳಗ್ಗೆ ಕಂಪನಿ ಬಸ್ಸಿನ ಗಾಜು ಒದ್ದೆ ಇತ್ತು ಅಷ್ಟೇ ನೆನಪು. ಮುಳಬಾಗಿಲು ಕಡೆ ರಾಗಿ ಹೊಲದಲ್ಲಿ ಬೆಳ್ದೋನು ನಾನು, ಆ ದಿನ ತುಂಬಾ ಬೇಜಾರಾಯ್ತು.

ಅದಕ್ಕೇ ಈ ಫೆಬ್ರವರೀಲಿ ಶಿಫ್ಟ್‌ನೋರ ವಾಟ್ಸಾಪ್ ಗ್ರೂಪಲ್ಲಿ ಕೇಳ್ದೆ, ಒಬ್ಬೊಬ್ರು ಒಂದೊಂದು ಮರ ಇಟ್ಕೊಂಡು ವಾರಕ್ಕೆ ಐದು ನಿಮಿಷ ನೋಡೋಣ್ವಾ ಅಂತ. ಹದಿನಾಲ್ಕು ಜನ ಬಂದ್ರು. ಐಡಿಯಾ ನಂದಲ್ಲ, ಸೀಸನ್‌ವಾಚ್ ಅಂತ 2010ರಿಂದ ನಡೀತಿರೋ ಕೆಲಸ ಇದೆ, ದೇಶದಾದ್ಯಂತ ಜನ ಒಂದೇ ಮರವನ್ನ ವಾರವಾರ ನೋಡಿ ಚಿಗುರು, ಹೂವು, ಕಾಯಿ ಎಷ್ಟಿದೆ ಅಂತ "ಇಲ್ಲ, ಸ್ವಲ್ಪ, ತುಂಬಾ" ಲೆಕ್ಕದಲ್ಲಿ ಬರೀತಾರೆ. ನಾವು ಅದನ್ನೇ ಇಟ್ಕೊಂಡು ಒಂದು ರೂಲ್ ಸೇರಿಸ್ಕೊಂಡ್ವಿ: ಮೊದಲ ಎರಡು ನಿಮಿಷ ಫೋನು ಜೇಬಲ್ಲೇ ಇರ್ಬೇಕು. ಬರೆಯೋಕೆ ಬೇಜಾರಾದ್ರೆ ವಾಯ್ಸ್ ನೋಟ್ ಹಾಕ್ಬಹುದು.

ಗುಂಪಲ್ಲಿ ಕೆಲವರು ಅಂತರಗಂಗೆಗೆ ಟ್ರೆಕ್ಕಿಂಗ್ ಹೋಗೋಣ, ಅದೇ ನೇಚರ್ ಅಂದ್ರು. ಹೋಗೋಣ, ತಪ್ಪೇನಿಲ್ಲ, ಬಸವನ ಬಾಯಿಂದ ವರ್ಷವಿಡೀ ನೀರು ಬರೋ ಜಾಗ ಅದು, ನನಗೂ ಇಷ್ಟ. ಆದ್ರೆ ವರ್ಷಕ್ಕೊಂದು ಸಲ ಬೆಟ್ಟ ಹತ್ತಿ ರೀಲ್ಸ್ ಮಾಡ್ಕೊಂಡು ಬಂದು ಉಳಿದ ದಿನ ಗೇಟ್ ಪಕ್ಕದ ಮರ ಯಾವುದು ಅಂತಾನೂ ಗೊತ್ತಿಲ್ದೆ ಇದ್ರೆ ಸಂಬಂಧ ಬೆಳೆಯಲ್ಲ ಅನ್ನೋದು ನನ್ನ ಅಭಿಪ್ರಾಯ. ದಿನಾ ನೋಡೋ ದಾರೀಲಿ ಇರೋ ಮರಾನೇ ಆಗ್ಬೇಕು.

ವಾರ 1, ಫೆಬ್ರವರಿ ಎರಡನೇ ವಾರ

ನನ್ನ ಮರ ಟೂ ವೀಲರ್ ಪಾರ್ಕಿಂಗ್ ಮೂಲೇಲಿರೋ ಹೊಂಗೆ. ಎಲೆ ಹಳದಿ ತಿರುಗಿ ಉದುರ್ತಾ ಇತ್ತು, ಉಳಿದಿದ್ದೆಲ್ಲಾ ಒಣಗಿದ ಕಾಯಿ, ಗಾಳಿ ಬಂದ್ರೆ ಗಲಗಲ ಸದ್ದು. ಮೂರು ವರ್ಷದಿಂದ ಅದರ ಕೆಳಗೇ ಬೈಕ್ ನಿಲ್ಲಿಸ್ತಿದ್ದೀನಿ, ಆ ಸದ್ದು ಕೇಳಿದ್ದು ಇದೇ ಮೊದಲು.

ಹೆಸರಿನ ವಿಷ್ಯದಲ್ಲೇ ಒಂದು ವಾರ ಹೋಯ್ತು, ಆದ್ರೆ ಅದು ಒಳ್ಳೇ ವಾರ. ಆಂಧ್ರ ಗಡಿ ಕಡೆಯೋರು ಹೊಂಗೆಗೆ ಕಾನುಗ ಅಂದ್ರು, ಒಡಿಶಾದ ಹುಡುಗ ಕರಂಜ ಅಂದ, ಕಲಬುರಗಿ ಹುಡುಗಿ "ನಮ್ ಬೇವಿನ ಗಿಡ" ಅಂದಾಗ ಇಲ್ಲಿಯೋರು ಅದು ಗಿಡ ಅಲ್ಲ ಮರ ಅಂತ ತಿದ್ದೋಕೆ ಹೋದ್ರು, ಅವಳ ಕಡೆ ಎಷ್ಟು ದೊಡ್ಡದಾದ್ರೂ ಗಿಡಾನೇ ಅಂತೆ. ಆಮೇಲೆ ನಾವು ವಾರದ ಲೆಕ್ಕ ಬರೆಯೋ ಶೀಟಲ್ಲಿ "ನಿಮ್ಮ ಊರಲ್ಲಿ ಏನಂತಾರೆ" ಅಂತ ಒಂದು ಕಾಲಂ ಹಾಕ್ದೆ, ಈಗ ಎಲ್ಲರೂ ಮೊದಲು ಓದೋದು ಆ ಕಾಲಮ್ಮೇ. ಹೊಂಗೆಗೆ ಮರ ಗುರುತಿಸೋ ಆ್ಯಪ್ ಕೊಡೋ ಪೊಂಗಾಮಿಯಾ ಅನ್ನೋ ಹೆಸರು ಕೂಡ ಇಂಗ್ಲಿಷ್ ಏನಲ್ಲ, ತಮಿಳು ಮಲಯಾಳಂ ಕಡೆಯ ಪುಂಗಂ, ಪೊಂಗಂ ಅನ್ನೋದ್ರಿಂದಾನೇ ಹುಟ್ಟಿದ್ದು.

ವಾರ 6, ಮಾರ್ಚ್

ಒಂದೇ ವಾರದಲ್ಲಿ ಮರ ಬೇರೇನೇ ಆಯ್ತು. ಹೋದ ವಾರ ಬೋಳು ಕೊಂಬೆ, ಈ ವಾರ ಎಳೇ ಚಿಗುರು, ಎಣ್ಣೆ ಹಚ್ಚಿದಂಗೆ ಹೊಳಪು. ಮಾರ್ಚ್ ಬಿಸಿಲು ನೆತ್ತಿ ಸುಡೋ ಟೈಮಲ್ಲಿ, ಒಂದು ಹನಿ ಮಳೆ ಬಿದ್ದಿಲ್ಲ, ಇದಕ್ಕೆ ನೀರು ಎಲ್ಲಿಂದ ಬಂತು ಅಂತ ಗುಂಪಲ್ಲಿ ಯಾರೋ ಕೇಳಿದ್ರು. ಹೊಂಗೆ ಬೇರು ತುಂಬಾ ಆಳಕ್ಕೆ ಇಳಿಯತ್ತೆ, ಅದಕ್ಕೇ ಮಳೆ ಕಾಯಲ್ಲ, ಸರಿಯಾಗಿ ಬೇಸಿಗೆ ಟೈಮಿಗೆ ನೆರಳು ರೆಡಿ ಮಾಡ್ಕೊಳ್ಳತ್ತೆ. ಹೊಂಗೆ ನೆರಳು ತಾಯಿ ಮಡಿಲಿದ್ದಂಗೆ ಅಂತ ನಮ್ಮ ಅಜ್ಜಿ ಹೇಳೋದು ಸುಮ್ನೆ ಅಲ್ಲ.

ಯುಗಾದಿಗೆ ಬೇವಿನ ಹೂವನ್ನ ಅಂಗಡೀಲಿ ತರ್ಲಿಲ್ಲ, ಕಲಬುರಗಿ ಹುಡುಗಿ ತಾನು ನೋಡ್ತಿರೋ ಬೇವಿಂದಾನೇ ಒಂದು ಹಿಡಿ ಕಿತ್ತು ತಂದ್ಲು. ಹೂವು ಬಿಟ್ಟ ದಿನ ಅವಳ ಶೀಟಲ್ಲಿ ಇತ್ತು.

ಇದೇ ವಾರ ಮೂರು ಜನ ಬಿಟ್ರು, ಓವರ್‌ಟೈಮು ಜಾಸ್ತಿ ಅಂತ. ಸರಿ ಅಂದೆ, ಒತ್ತಾಯ ಮಾಡಿದ್ರೆ ಇದೂ ಇನ್ನೊಂದು ಟಾರ್ಗೆಟ್ ಆಗೋಗತ್ತೆ.

ವಾರ 9

ರಜಾ ದಿನ ಐದು ಜನ ನರಸಾಪುರ ಕೆರೆ ಏರಿ ಮೇಲೆ ಹೋಗಿದ್ವಿ. ವರ್ಷವಿಡೀ ಹರಿಯೋ ನದಿ ಇಲ್ಲದ ಜಿಲ್ಲೆ ನಮ್ದು, ಚಿಕ್ಕೋನಿದ್ದಾಗ ನಾನು ನೋಡಿದ ಕೆರೆಗಳಲ್ಲಿ ಜಾಲಿ ಬೆಳ್ದಿರ್ತಿತ್ತು, ಹುಡುಗ್ರು ಕ್ರಿಕೆಟ್ ಆಡ್ತಿದ್ರು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಅಲ್ಲಿಂದ ಕೆರೆಯಿಂದ ಕೆರೆಗೆ ಹರೀತು, ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಕಳಿಸೋದು. ಮೂರನೇ ಹಂತಾನೂ ಮಾಡಿ ಕಳಿಸ್ಬೇಕು ಅಂತ ಇಲ್ಲಿ ಜನ ಹೋರಾಟ ಮಾಡ್ತಾನೇ ಇದ್ದಾರೆ, ನನ್ನ ಮಾತೂ ಅದೇ, ಯಾಕಂದ್ರೆ ಆ ನೀರೇ ಇಳಿದು ನಮ್ಮ ಬೋರ್‌ವೆಲ್ಲಿಗೆ ಹೋಗೋದು. ಆದ್ರೂ ನೀರು ತುಂಬಿರೋ ಕೆರೆ ಎದುರಿಗೆ ನಿಂತಾಗ ಮನಸ್ಸಿಗೆ ಏನಾಗತ್ತೆ ಅನ್ನೋದನ್ನ ಮುಚ್ಚಿಡೋಕಾಗಲ್ಲ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸ್ತಾ ಕೂತಿತ್ತು, ಬೆಳ್ಳಕ್ಕಿ ಸಾಲು, ನಾಮದ ಕೋಳಿ. ಮೆರ್ಲಿನ್ ಆ್ಯಪ್ ಸದ್ದು ಕೇಳಿ ಹಕ್ಕಿ ಹೆಸರು ಹೇಳತ್ತೆ, ಅದರಿಂದ ಕಾಜಾಣನ ಕೂಗು ಕಲಿತ್ವಿ. ಫೋನಿಂದ ದೂರ ಇರ್ಬೇಕು ಅಂತ ಶುರು ಮಾಡಿದ್ದು ನಿಜ, ಆದ್ರೆ ಕಿವಿ ಪಳಗೋವರೆಗೂ ಫೋನು ಕೈ ಹಿಡ್ಕೊಂಡು ನಡೆಸಿದ್ರೆ ಅದು ಬೇಡ ಅನ್ನಲ್ಲ ನಾನು.

ವಾರ 12, ಏಪ್ರಿಲ್ ಕೊನೆ

ಹೊಂಗೆ ಹೂವು: ತುಂಬಾ. ಬೆಳಗ್ಗೆ ಆರಕ್ಕೆ ನೈಟ್ ಮುಗ್ಸಿ ಬಂದ್ರೆ ಪಾರ್ಕಿಂಗ್ ನೆಲದ ಮೇಲೆ ಮಂಡಕ್ಕಿ ಚೆಲ್ಲಿದಂಗೆ ಬಿಳಿ ನೇರಳೆ ಹೂವು, ಎಲ್ಲಾ ಬೈಕ್ ಸೀಟ್ ಮೇಲೂ. ತಲೆ ಎತ್ತಿದ್ರೆ ಮರಾನೇ ಗುಂಯ್ ಅಂತಿದೆ, ತುಡುವೆ ಜೇನು, ಕೋಲುಜೇನು ಎರಡೂ. ಹೌಸ್‌ಕೀಪಿಂಗ್ ಅಕ್ಕ ಗುಡಿಸ್ತಾ "ದಿನಾ ಬಯ್ಕೊಂಡ್ ಗುಡಿಸ್ತಿದ್ದೆ ಕಣಪ್ಪಾ, ನೀವು ಹಿಂಗೆ ನಿಂತ್ಕೊಂಡು ನೋಡೋದ್ ನೋಡಿ ನಾನೂ ಮೇಲೆ ನೋಡ್ದೆ" ಅಂದ್ರು. ಆ ದಿನದಿಂದ ಅವರೂ ಸೇರ್ಕೊಂಡ್ರು, ಅವರ ಮರ ಕ್ಯಾಂಟೀನ್ ಹಿಂದಿನ ಹುಣಸೆ. ಅವರ ಮನೇಲಿ ಹುಣಸೆ ಬೀಜ ಬಿಡಿಸೋ ಕೆಲಸ ತಲೆತಲಾಂತರದ್ದು, ಮರ ನೋಡಿ ಈ ಸಲ ಕಾಯಿ ಎಷ್ಟು ಬರತ್ತೆ ಅಂತ ಅಂದಾಜು ಮಾಡೋದು ನಮಗೆಲ್ಲಾ ಅವರೇ ಕಲಿಸ್ತಿದ್ದಾರೆ.

ವಾರ 13

ಭರಣಿ ಮಳೆ ಬಂತು. "ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ" ಅಂತ ಅಜ್ಜಿಗೆ ನಾನೇ ಫೋನ್ ಮಾಡಿ ಹೇಳ್ದೆ, ಈ ಸಲ ಕೇಳಿಸ್ಕೊಳ್ಳೋ ಸರದಿ ಅವರದ್ದು. ರಾತ್ರಿ ಟೀ ಬ್ರೇಕಲ್ಲಿ ಫ್ಲಡ್‌ಲೈಟ್ ಸುತ್ತ ರೆಕ್ಕೆ ಬಂದ ಗೆದ್ದಲು ಸಾವಿರಗಟ್ಟಲೆ, ಅದನ್ನ ತಿನ್ನೋಕೆ ಬಾವಲಿಗಳು. ಆಗ ಗುಂಪಿಗೆ ಒಂದು ವಿಷ್ಯ ಹೇಳ್ದೆ: ನಮ್ಮ ಜಿಲ್ಲೆ ಹೆಸರಿರೋ ಒಂದು ಬಾವಲಿ ಇದೆ, ಕೋಲಾರ ಲೀಫ್ ನೋಸ್ಡ್ ಬ್ಯಾಟ್ ಅಂತ, 1994ರಲ್ಲಿ ಹೊಸ ಪ್ರಭೇದ ಅಂತ ಗುರುತಿಸಿದ್ದು, ಈಗ ಉಳಿದಿರೋದು ಹನುಮನಹಳ್ಳಿ ಗುಹೇಲಿ ಮಾತ್ರ, ಸುತ್ತ ಕಲ್ಲು ಗಣಿಗಾರಿಕೆಯಿಂದ ಅಳಿವಿನ ಅಂಚಿಗೆ ಬಂತು. ಚಿನ್ನದ ಗಣಿ ಬಗ್ಗೆ ಎಲ್ಲರಿಗೂ ಗೊತ್ತು, ಇದು ಒಬ್ರಿಗೂ ಗೊತ್ತಿರ್ಲಿಲ್ಲ. ನೋಡೋಕೆ ಹೋಗೋಣ ಅಂದ್ರು, ಬೇಡ ಅಂದೆ. ಅಷ್ಟು ಕಮ್ಮಿ ಉಳಿದಿರೋ ಪ್ರಾಣಿಗೆ ನಾವು ಮಾಡೋ ದೊಡ್ಡ ಉಪಕಾರ ಅಂದ್ರೆ ಅದರ ಮನೆ ಬಾಗಿಲಿಗೆ ಟಾರ್ಚ್ ಹಿಡ್ಕೊಂಡು ಹೋಗದೇ ಇರೋದು.

ವಾರ 16

ಈ ವಾರ ಬರೆಯೋಕೆ ಕಷ್ಟ. ಕ್ವಾಲಿಟಿ ಡಿಪಾರ್ಟ್‌ಮೆಂಟಲ್ಲಿರೋ ಹುಡುಗಿ ನೋಡ್ತಿದ್ದ ಗಸಗಸೆ ಮರಾನ ಪಾರ್ಕಿಂಗ್ ದೊಡ್ಡದು ಮಾಡೋಕೆ ಅಂತ ಕಡಿದ್ರು. ವರ್ಷಪೂರ್ತಿ ಕೆಂಪು ಹಣ್ಣು ಬಿಡ್ತಿದ್ದ ಮರ, ಅವಳ ಶೀಟಲ್ಲಿ ಹದಿನೈದು ವಾರದ ಲೆಕ್ಕ ಇದೆ, ಯಾವ ಹಕ್ಕಿ ಎಷ್ಟೊತ್ತಿಗೆ ಬಂತು ಅಂತ ಕೂಡ. ಹದಿನಾರನೇ ಸಾಲಲ್ಲಿ "ಮರ ಇಲ್ಲ" ಅಂತ ಬರೆದು ಕಳಿಸಿದ್ಲು. ಮುಂಚೆ ಆಗಿದ್ರೆ ಆ ಮರ ಹೋಗಿದ್ದು ನಮ್ಮಲ್ಲಿ ಯಾರ ಗಮನಕ್ಕೂ ಬರ್ತಿರ್ಲಿಲ್ಲ, ಈಗ ಹನ್ನೊಂದು ಜನಕ್ಕೆ ಊಟ ಸೇರ್ಲಿಲ್ಲ.

ಎರಡು ದಿನ ಬಿಟ್ಟು ನಾವು ನಾಲ್ಕು ಜನ ಕಂಪನಿ ಅಡ್ಮಿನ್ ಹತ್ರ ಹೋದ್ವಿ, ಜಗಳಕ್ಕಲ್ಲ, ಶೀಟ್ ಪ್ರಿಂಟ್ ತಗೊಂಡು. ಅಮೆರಿಕದಲ್ಲಿ ರೋಜರ್ ಉಲ್ರಿಚ್ ಅನ್ನೋರು 1984ರಲ್ಲಿ ಸೈನ್ಸ್ ಪತ್ರಿಕೇಲಿ ಪ್ರಕಟಿಸಿದ ಅಧ್ಯಯನದ ವಿಷ್ಯಾನೂ ಹೇಳ್ದೆ, ಆಪರೇಷನ್ ಆದ ರೋಗಿಗಳಲ್ಲಿ ಕಿಟಕಿಯಿಂದ ಮರ ಕಾಣ್ತಿದ್ದೋರು ಇಟ್ಟಿಗೆ ಗೋಡೆ ಮಾತ್ರ ಕಾಣ್ತಿದ್ದೋರಿಗಿಂತ ಬೇಗ ಮನೆಗೆ ಹೋದ್ರು, ನೋವಿನ ಸ್ಟ್ರಾಂಗ್ ಔಷಧಿ ಅವರಿಗೆ ಕಮ್ಮಿ ಸಾಕಾಯ್ತು ಅಂತ. ಇಡೀ ಶಿಫ್ಟು ಕಿಟಕಿ ಇಲ್ಲದ ಕಡೆ ನಿಂತು ಕೆಲಸ ಮಾಡೋರಿಗೆ ಹೊರಗಡೆ ಹತ್ತು ನಿಮಿಷ ಕೂರೋ ನೆರಳು ಅಲಂಕಾರ ಅಲ್ಲ ಸಾರ್, ಬೇಕೇ ಬೇಕು ಅಂದೆ. ಅವರು ಪೂರ್ತಿ ಕೇಳಿದ್ರು. ಇನ್ನು ಮುಂದೆ ಕಡಿಯೋ ಮುಂಚೆ ತಿಳಿಸ್ತೀವಿ ಅಂದಿದ್ದಾರೆ, ಬಾಯಿಮಾತಲ್ಲಿ, ಬರೆದು ಕೊಟ್ಟಿಲ್ಲ. ಕೇಳ್ತಾ ಇರ್ತೀವಿ.

ವಾರ 22, ಜುಲೈ, ಆರಿದ್ರಾ ಮಳೆ

ಈಗ ಹನ್ನೊಂದು ಜನ ಗಟ್ಟಿಯಾಗಿದ್ದೀವಿ. ಕ್ವಾಲಿಟಿ ಹುಡುಗಿ ಎರಡು ವಾರ ಏನೂ ಕಳಿಸ್ಲಿಲ್ಲ, ಆಮೇಲೆ ತನ್ನ ಪಿಜಿ ಬೀದೀಲಿರೋ ನೇರಳೆ ಮರ ಹಿಡ್ಕೊಂಡಿದ್ದಾಳೆ, ಹಣ್ಣು ಬಿಟ್ಟಿದೆ, ಡಬ್ಬೀಲಿ ತಂದು ಎಲ್ಲರಿಗೂ ಹಂಚಿದ್ಲು. ಒಡಿಶಾದ ಹುಡುಗ ಊರಿಗೆ ಹೋದಾಗ ಮನೆ ಮುಂದಿನ ಕರಂಜ ಮರದ ಫೋಟೋ ಕಳಿಸಿದ, ಅಲ್ಲೂ ಇಲ್ಲೂ ಒಂದೇ ಥರ ಎಳೇ ಕಾಯಿ.

ನನ್ನ ಹೊಂಗೆ ಈ ವಾರ: ಎಲೆ ತುಂಬಾ, ಹೂವು ಇಲ್ಲ, ಹಸಿ ಕಾಯಿ ಸ್ವಲ್ಪ. ಈ ಕಾಯಿ ಬಲಿತು ಒಣಗೋಕೆ ಮುಂದಿನ ಫೆಬ್ರವರಿ ಆಗತ್ತೆ, ಅಲ್ಲೀವರೆಗೂ ಶೀಟಲ್ಲಿ ಹೆಚ್ಚು ಕಮ್ಮಿ ಒಂದೇ ಸಾಲು ಬರೀಬೇಕು, ಅದೂ ಬರೀತೀನಿ.

ಹುಣಸೆ ಬಗ್ಗೆ ಒಂದು ಸಹಾಯ ಬೇಕು. ಅಕ್ಕನ ಮರ ಹೂವು ಬಿಟ್ಟಿದ್ದು ಜೂನ್ ಮೊದಲ ವಾರ, ತಡ ಆಯ್ತು ಅಂತಾರೆ ಅವರು. ನಮ್ಮ ಲೆಕ್ಕದಲ್ಲಿ ಇರೋದು ಅದೊಂದೇ ಹುಣಸೆ. ಮಾಲೂರು, ವೇಮಗಲ್, ಬಂಗಾರಪೇಟೆ ಕಡೆ ಯಾರಾದ್ರೂ ನಿಮ್ಮ ಹೊಲದ ಹುಣಸೆ ಯಾವಾಗ ಹೂವು ಬಿಡ್ತು ಅಂತ ನೋಡಿದ್ರೆ ಹೇಳಿ, ಪಕ್ಕಾ ತಾರೀಕು ಬೇಡ, ಯಾವ ಮಳೇಲಿ ಅಂದ್ರೂ ಸಾಕು.